ಟೋನ್ ಸ್ವಲ್ಪ ತೆಗೀರಿ

ಮಂಡ್ಯದ ಯಾವ ಗಣಪತಿ ಪೆಂಡಾಲಿಗೆ ಬೇಕಾದರೂ ಹೋಗಿ. ಆರ್ಕೆಸ್ಟ್ರಾ ಶುರುವಾಗಲು ಕಾಲು ಗಂಟೆ ಇರುವಾಗ ಮಿಕ್ಸರ್ ಮುಂದೆ ಕೂತವರು ಕೂಗುತ್ತಾರೆ: "ಬೇಸ್ ಅಣ್ಣ, ಟೋನ್ ಸ್ವಲ್ಪ ತೆಗೀರಿ!" ಬೇಸ್ ಗಿಟಾರ್ ಹಿಡಿದ ಬೇಸ್ ಅಣ್ಣ ತಲೆಯಾಡಿಸಿ ಅದರ ಟೋನ್ ನಾಬ್ ತಿರುಗಿಸುತ್ತಾನೆ. ಯಾವ ಕಡೆಗೆ? ತಕರಾರು ಇರುವುದೇ ಅಲ್ಲಿ. ಬಾಗಿಲು ತೆಗೆ ಅಂದರೆ ತೆರೆ. ಚಪ್ಪಲಿ ತೆಗೆ ಅಂದರೆ ಕಳಚು. ಟೋನ್ ತೆಗೆ ಅಂದರೆ ಹತ್ತಕ್ಕೋ ಸೊನ್ನೆಗೋ? "ಅಯ್ಯೋ ಆ ಕಡೆ ಅಲ್ಲ, ಈ ಕಡೆ" ಅಂತ ಮತ್ತೆ ಕೂಗು. ವೇದಿಕೆಗೆ ಎದುರು ಕೂತವರ ಈ ಕಡೆ, ಮೇಲೆ ನಿಂತವನಿಗೆ ಆ ಕಡೆ.

ಪಾಪ, ಮಾತನ್ನು ದೂರಿ ಏನು ಪ್ರಯೋಜನ, ಆ ನಾಬಿನ ಕೆಲಸವೇ ತಲೆಕೆಳಗು. ಪಾಸಿವ್ ಬೇಸಿನಲ್ಲಿ ಬ್ಯಾಟರಿ ಇಲ್ಲ, ಆದ್ದರಿಂದ ಸೇರಿಸುವುದಕ್ಕೆ ಏನೂ ಇಲ್ಲ, ಕಳೆಯುವುದು ಮಾತ್ರ. ತಂತಿಯ ಅದುರನ್ನು ಹಿಡಿಯುವ ಪಿಕಪ್ಪಿನಿಂದ ಕೇಬಲ್ ಚುಚ್ಚುವ ಜ್ಯಾಕಿಗೆ ಹರಿಯುವ ನಾಲೆಗೆ ನಡುವೆ ಒಂದು ತೂಬು ಇಟ್ಟಿದ್ದಾರೆ. ತೂಬಿನ ಬಾಯಲ್ಲಿ 473 ಅಂತ ಅಚ್ಚಾದ ಕೆಪ್ಯಾಸಿಟರ್, ಅಂದರೆ 0.047 ಮೈಕ್ರೋಫ್ಯಾರಡ್. ಅದು ಜರಡಿ ಇದ್ದ ಹಾಗೆ: ತೆಳುವಾದ ಮೇಲಿನ ಸ್ವರವನ್ನು, ಅಂದರೆ ಟ್ರೆಬಲ್ಲನ್ನು, ಗ್ರೌಂಡಿಗೆ ಬಿಡುತ್ತದೆ, ದಪ್ಪ ಸ್ವರವನ್ನು ತಡೆಯುತ್ತದೆ. ತೂಬಿನ ಹಲಗೆ ಅಂದರೆ ನಾಬ್ ತಿರುಗಿಸಿದಂತೆ ತಡೆ ಹೆಚ್ಚು ಕಡಿಮೆಯಾಗುವ 250 ಕಿಲೋ ಓಮಿನ ಪಾಟ್. ನಾಬ್ ಹತ್ತರಲ್ಲಿದ್ದಾಗ ಹಲಗೆ ಇಳಿದಿರುತ್ತದೆ, ಟ್ರೆಬಲ್ ನಾಲೆಯಲ್ಲೇ ಉಳಿಯುತ್ತದೆ. ಸೊನ್ನೆಗೆ ಬಂದರೆ ತೂಬು ಪೂರ್ತಿ ತೆರೆದು ಟ್ರೆಬಲ್ಲೆಲ್ಲ ಮಣ್ಣುಪಾಲು. ಟೋನ್ ತೆಗೆದರೆ ತೂಬು ಮುಚ್ಚುತ್ತದೆ, ಟೋನ್ ಮುಚ್ಚಿದರೆ ತೂಬು ತೆಗೆಯುತ್ತದೆ. ಊರ ನೀರುಗಂಟಿಗೆ ಹೇಳಿದರೆ ಒಂದು ಬೀಡಿ ಮುಗಿಯುವುದರೊಳಗೆ ಅರ್ಥವಾಗುವ ವಿಷಯ.

ಆದರೆ ಹತ್ತು ವರ್ಷ ನುಡಿಸಿದವರೂ ಸೊನ್ನೆಗೆ ಇಟ್ಟರೆ ಬೇಸ್ ಜಾಸ್ತಿ ಅಂತ ನಂಬಿಕೊಂಡಿದ್ದಾರೆ. ಜಾಸ್ತಿ ಎಲ್ಲಿಂದ ಬರಬೇಕು? ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಜ್. ಅದು ಯಾವ ಸ್ವರ ಅಂತ ಕಿವಿಗೆ ಗುರುತು ಹೇಳುವುದು ಅದರ ಮೇಲಿನ ಉಪಸ್ವರಗಳು. ಅವನ್ನು ಗ್ರೌಂಡಿಗೆ ಕಳಿಸಿ, ಕೇಳಿಸಲಿಲ್ಲ ಅಂತ ಆಂಪ್ ಏರಿಸಿ, ಗ್ರಾನೈಟ್ ನೆಲದ ಕಲ್ಯಾಣ ಮಂಟಪದಲ್ಲಿ ಗುಂಯ್ ಅನ್ನಿಸಿದರೆ ಊಟದ ಕೋಣೆಯಲ್ಲಿ ಲೋಟ ಅದುರುತ್ತದೆ, ಶ್ರುತಿ ಮಾತ್ರ ಯಾರಿಗೂ ಸಿಗುವುದಿಲ್ಲ.

ಸರಿ, ಎಷ್ಟಕ್ಕೆ ಇಡಬೇಕು? ಕೇಳಿದರೆ "ಮಧ್ಯದಲ್ಲಿ ಎಲ್ಲೋ" ಅನ್ನುತ್ತಾರೆ. ಈ ಮಾತು ಬೇರೆ ಊರಿನವರು ಆಡಿದ್ದರೆ ಸುಮ್ಮನಿರಬಹುದಿತ್ತು. ಮಂಡ್ಯದವರಿಗೆ ಅಳತೆ ಹೇಳಿಕೊಡಬೇಕೇ? ಮಳೆಗಾಲ ಬಂತೆಂದರೆ ಪೇಪರಿನಲ್ಲಿ ಮೊದಲು ನೋಡುವುದೇ ಕನ್ನಂಬಾಡಿಯ ಮಟ್ಟ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಆ .80 ಅನ್ನು ಬಿಟ್ಟು ನೂರಿಪ್ಪತ್ನಾಲ್ಕು ಅಂದು ನೋಡಿ, ಟೀ ಅಂಗಡಿಯಲ್ಲಿ ತಿದ್ದುವವರು ನಾಲ್ಕು ಜನ ಇರುತ್ತಾರೆ. ಪೂರ್ತಿ ತುಂಬಿದರೆ 49.452 ಟಿಎಂಸಿ ಅಂತ ಮೂರು ದಶಾಂಶದವರೆಗೆ ಬಾಯಿಪಾಠ. ನಿನ್ನೆಗಿಂತ ಅರ್ಧ ಅಡಿ ಏರಿದರೆ ಮುಖ ಅರಳುತ್ತದೆ. ಮುಖ್ಯಮಂತ್ರಿಗಳು ಬಾಗಿನ ಕೊಡಲು ಯಾವಾಗ ಬರಬಹುದು ಅಂತ ಪಂಚಾಂಗದವರಿಗಿಂತ ಮೊದಲೇ ಇವರಲ್ಲಿ ಲೆಕ್ಕ ಇರುತ್ತದೆ. ಕಬ್ಬಿಗೆ ಇನ್ನು ಎಷ್ಟು ಕಟ್ಟು ನೀರು ಬಿಟ್ಟಾರು, ಭತ್ತದ ಒಟ್ಲು ಹಾಕಬಹುದೇ, ಎಲ್ಲಕ್ಕೂ ಅಂಕಿ. ಅಷ್ಟು ದೊಡ್ಡ ಅಣೆಕಟ್ಟೆಯ ನೀರನ್ನು ದಶಾಂಶದಲ್ಲಿ ಅಳೆಯುವ ಊರಿನಲ್ಲಿ ಒಂದು ನೆಲ್ಲಿಕಾಯಿ ಗಾತ್ರದ ನಾಬಿಗೆ "ಎಲ್ಲೋ ಮಧ್ಯ"!

ಬಹಳಷ್ಟು ಬೇಸಿನ ನಾಬ್ ಮೇಲೆ ಅಂಕಿಯೇ ಇರುವುದಿಲ್ಲ ಅನ್ನುವುದೂ ನಿಜ. ಬೋಳು ಸ್ಟೀಲ್ ಬುರುಡೆ. ಒಂದು ಚುಕ್ಕೆ ನೈಲ್ ಪಾಲಿಶ್ ಇಟ್ಟರೆ ಮುಗಿಯಿತು, ಯಾರೂ ಇಡುವುದಿಲ್ಲ.

ಕ್ರಮ ಹೀಗೆ. ಮೊದಲು ವಾಲ್ಯೂಮ್ ಪೂರ್ತಿ, ಟೋನ್ ಪೂರ್ತಿ, ಆಂಪಿನ ನಾಬುಗಳೆಲ್ಲ ನಡುವಿಗೆ. ವಾಲ್ಯೂಮ್ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಯಾಕೆಂದರೆ ಅದನ್ನು ಇಳಿಸಿದರೂ ಕೇಬಲ್ ಸ್ವಲ್ಪ ಟ್ರೆಬಲ್ ನುಂಗುತ್ತದೆ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, 6 ಮೀಟರ್ ಕೇಬಲ್ ಅಂದರೆ 600. ಆಮೇಲೆ ಡ್ರಮ್ಮಿನ ಜೊತೆ ನುಡಿಸುತ್ತಾ ಟೋನ್ ಇಳಿಸುತ್ತಾ ಬರಬೇಕು. ಫ್ರೆಟ್ಟಿನ, ಅಂದರೆ ಕತ್ತಿನ ಮೇಲಿನ ಲೋಹದ ಪಟ್ಟಿಯ, ಟಕಟಕ ಹೋಗಿ ಬೆರಳಿನ ಪೆಟ್ಟು ಉಳಿದ ಕಡೆ ನಿಲ್ಲಿಸಿ. ದುಂಡು ಎಳೆ ಸುತ್ತಿದ ಹೊಸ ರೌಂಡ್‌ವೌಂಡ್ ತಂತಿಯಾದರೆ ತುಸು ಹೆಚ್ಚೇ ಇಳಿಸಬೇಕಾದೀತು, ಚಪ್ಪಟೆ ಎಳೆ ಸುತ್ತಿದ ಹಳೇ ಫ್ಲಾಟ್‌ವೌಂಡ್ ಆದರೆ ಮುಟ್ಟುವುದೇ ಬೇಡ. ಪೂರ್ತಿ ಸೊನ್ನೆಯಲ್ಲಿ ಕೆಲವು ನೂರು ಹರ್ಟ್ಜಿನ ಹತ್ತಿರ ಒಂದು ಸಣ್ಣ ಉಬ್ಬು ಏಳುತ್ತದೆ. ಅದು ಬೇಕಾದವರು ಬೇಕೆಂದೇ ಇಡಲಿ, ಬೇಡದವರು ಕೂದಲೆಳೆಯಷ್ಟು ಮೇಲೆತ್ತಲಿ.

ಹತ್ತರಿಂದ ಮೂರರವರೆಗೆ ಏನೂ ಆಗದೆ ಆಮೇಲೆ ಧೊಪ್ಪನೆ ಮಂಕಾದರೆ, ಒಳಗೆ ಯಾರೋ ಪುಣ್ಯಾತ್ಮರು ಬಿ 250 ಕೆ, ಅಂದರೆ ತಡೆ ಒಂದೇ ಸಮ ಬದಲಾಗುವ ಪಾಟ್ ಕೂರಿಸಿದ್ದಾರೆ. ಕಿವಿಗೆ ಒಂದೇ ಸಮ ಅನ್ನಿಸುವ ಎ 250 ಕೆ ಹಾಕಿಸಿ. ಕರಕರ ಸದ್ದು ಬಂದರೆ ಪಾಟಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಸಾಕು. ಕೊಬ್ಬರಿ ಎಣ್ಣೆ ಬಿಡುವವರಿಗೆ ಹೇಳುವಂಥದ್ದು ಏನೂ ಇಲ್ಲ.

ಇನ್ನು ನಾಬಿನ ಪಕ್ಕದ ಸಣ್ಣ ಸ್ಕ್ರೂ. ಕೆಲವಕ್ಕೆ 1.5 ಮಿಲಿಮೀಟರಿನ ಅಲೆನ್ ಕೀ, ಕೆಲವಕ್ಕೆ ಇಂಚಿನ ಹದಿನಾರನೇ ಒಂದು ಭಾಗದ್ದು. ನೋಡಲು ಎರಡೂ ಒಂದೇ. ಇದ್ದದ್ದನ್ನೇ ತುರುಕಿ ತಿರುಗಿಸಿ ಸ್ಕ್ರೂವಿನ ಮೂಲೆ ಸವೆಸಿಟ್ಟಿರುತ್ತಾರೆ. ಆಮೇಲೆ ಅದು ಬಿಗಿಯಾಗುವುದಿಲ್ಲ. ನಾಬ್ ಮಾತ್ರ ಗಿರಗಿರ ಸುತ್ತುತ್ತದೆ, ಒಳಗಿನ ಕಡ್ಡಿ ನಿಂತಲ್ಲೇ ನಿಂತಿರುತ್ತದೆ. ಬೇಸ್ ಅಣ್ಣ ತಿರುಗಿಸುತ್ತಾನೆ. ಮಿಕ್ಸರಿನವರು ಕಿವಿಗೊಟ್ಟು ಕೇಳಿ ಹೆಬ್ಬೆರಳು ಎತ್ತುತ್ತಾರೆ: "ಹಾಂ, ಈಗ ಸರಿಯಾಯ್ತು ನೋಡಿ!"