ಮಾಕ್ಸ್ ಇಂಧನ ಉರಿದು ಬೂದಿ ಆಗಲ್ಲ: ಒಂದು ಸ್ಪಷ್ಟನೆ

ಚಿತ್ರದುರ್ಗದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕೈಗಾ ಅಣು ವಿದ್ಯುತ್ ಸ್ಥಾವರದ ಮಾಕ್ಸ್ (ಪ್ಲುಟೋನಿಯಂ ಬೆರೆಸಿದ ಅಣು ಇಂಧನ) ಪೂರ್ತಿ ಉರಿದುಹೋಗುತ್ತಂತೆ, ಉಳಿದ ಬೂದಿಯನ್ನು ಒಂದೇ ವರ್ಷದಲ್ಲಿ ನಮ್ಮ ಕೋಟೆ ಬೆಟ್ಟದಂಥ ಬಂಡೆಯೊಳಗೆ ಹೂಳಬಹುದಂತೆ. ಹೊಳಲ್ಕೆರೆಯಿಂದ ಅತ್ತೆ ಗಾಬರಿಯಾಗಿ ಫೋನ್ ಮಾಡಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಇದು ತಪ್ಪು.

ಮೊದಲನೆಯದು, ಕೈಗಾದಲ್ಲಿ ಬಳಸುವುದು ಸಹಜ ಯುರೇನಿಯಂ, ಮಾಕ್ಸ್ ಅಲ್ಲ. ನಮ್ಮ ದೇಶದಲ್ಲಿ ಕೆಲವು ಮಾಕ್ಸ್ ಇಂಧನದ ಕಟ್ಟುಗಳನ್ನು ಮಹಾರಾಷ್ಟ್ರದ ತಾರಾಪುರ ಅಣುಸ್ಥಾವರದಂಥ ಕಡೆ ಹಾಕಿ ನೋಡಿದ್ದರು.

ಮಾಕ್ಸ್ ಅಂದರೆ ಯುರೇನಿಯಂ ಆಕ್ಸೈಡ್‌ಗೆ ಪ್ಲುಟೋನಿಯಂ ಆಕ್ಸೈಡ್ ಬೆರೆಸಿ ಮಾಡಿದ, ಬೆರಳ ತುದಿಯಷ್ಟು ದೊಡ್ಡ ಗಟ್ಟಿ ಬಿಲ್ಲೆಗಳು. ಉದ್ದನೆಯ ಲೋಹದ ಕೊಳವೆಗಳಲ್ಲಿ ತುಂಬಿರುತ್ತಾರೆ. ಒಲೆಯ ಸೌದೆ ಥರ ಇದು ಬೂದಿ ಆಗಲ್ಲ. ಹೊರಗೆ ತೆಗೆದಾಗ ಬಿಲ್ಲೆ ಬಿರುಕು ಬಿಟ್ಟಿರಬಹುದು ಅಷ್ಟೇ, ಹಾಕಿದ ಪ್ಲುಟೋನಿಯಂನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಒಳಗೇ ಉಳಿದಿರುತ್ತದೆ.

ಇನ್ನು ಬಿಸಿ, ಮೆಸೇಜ್ ಪೂರ್ತಿ ಎಡವಿದ್ದೇ ಇಲ್ಲಿ. ಹೊರಗೆ ತೆಗೆದ ಮೇಲೂ ಇಂಧನ ಬಿಸಿ ಸೂಸುತ್ತಲೇ ಇರುತ್ತದೆ. ಅದರೊಳಗಿನ ಪ್ಲುಟೋನಿಯಂ-241 ಎಂಬ ಬಗೆ ಸುಮಾರು 14 ವರ್ಷದಲ್ಲಿ ಅರ್ಧದಷ್ಟು, ಬಿಸಿ ಸೂಸುವ ಅಮೆರಿಸಿಯಂ-241 ಆಗಿ ಬದಲಾಗುತ್ತದೆ, ಆ ಅಮೆರಿಸಿಯಂ ಅರ್ಧಕ್ಕೆ ಇಳಿಯೋಕೆ ಸುಮಾರು 432 ವರ್ಷ ಬೇಕು, ಹಾಗಾಗಿ ಬಳಸಿದ ಮಾಕ್ಸ್ ಮಾಮೂಲಿ ಯುರೇನಿಯಂ ಇಂಧನಕ್ಕಿಂತ ತುಂಬಾ ನಿಧಾನವಾಗಿ ತಣ್ಣಗಾಗುತ್ತದೆ. ಫ್ರಾನ್ಸ್‌ನಲ್ಲಿ ಬಳಸಿದ ಅಣು ಇಂಧನ ಸಂಸ್ಕರಿಸುವ ಲಾ ಹೇಗ್ ಸ್ಥಾವರದಲ್ಲಿ ಬಳಸಿದ ಮಾಕ್ಸ್ ಅನ್ನು ವರ್ಷಗಟ್ಟಲೆ ಆಳದ ನೀರಿನ ಕೊಳಗಳಲ್ಲೇ ಇಟ್ಟಿದ್ದಾರೆ. ಒಂದು ವರ್ಷದಲ್ಲಿ ಹೂಳುವ ಮಾತೇ ಇಲ್ಲ.

ಆ ಮೆಸೇಜ್ ಕಳಿಸಿದವರಿಗೆ ದಯವಿಟ್ಟು ಇದನ್ನೂ ಕಳಿಸಿ.