ಬಿಪಿ ಮಾತ್ರೆ ಬಿಟ್ಟಿದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ?

ತಿಂಗಳ ಮಾತ್ರೆ ಮುಗಿಯಿತು. ಮತ್ತೆ ತಗೊಳ್ಳೋಕೆ ಆ ಮನುಷ್ಯ ಬರಲೇ ಇಲ್ಲ. ಡಾಕ್ಟರಿಗೆ ಇದು ಗೊತ್ತಾಗುವುದು ಮುಂದಿನ ಸಲ ತೋರಿಸಿಕೊಳ್ಳಲು ಹೋದಾಗ. ಅದೂ ನಿಜ ಹೇಳಿದರೆ! ಔಷಧಿ ಕೊಡುವ ಫಾರ್ಮಸಿಸ್ಟ್‌ಗೆ ಅದೇ ವಾರ ಗೊತ್ತಾಗಬಹುದು. ಆದರೂ ಹೃದಯದ ಕಾಯಿಲೆ ತಡೆಯುವ ಮಾತು ಬಂದಾಗ ನಾವು ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ.

ಜನ ಸುಮ್ನೆ ಮಾತ್ರೆ ಬಿಡುವುದಿಲ್ಲ. ಆಮ್ಲೋಡಿಪಿನ್ ತಗೊಂಡ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ರಾಮಿಪ್ರಿಲ್ ಥರದ ಮಾತ್ರೆಗೆ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ‘ಇದು ನನಗೆ ಆಗಿಬರಲ್ಲ’ ಅಂತ ನಿಲ್ಲಿಸಿಬಿಡುತ್ತಾರೆ. ಬೇರೆ ಮಾತ್ರೆ ಇದೆ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ ಅಂತ ಹೇಳೋಕೆ ಅಷ್ಟು ಹೊತ್ತಿಗೆ ಯಾರೂ ಇರುವುದಿಲ್ಲ. ಇನ್ನು ಕೆಲವರು ತಲೆನೋವಿಲ್ಲ, ಸುಸ್ತಿಲ್ಲ, ಬಿಪಿ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಸರಿಯಾಗಿ ಔಷಧಿ ತಗೊಳ್ಳುವವರು ಸುಮಾರು ಅರ್ಧದಷ್ಟು ಜನ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು.

ನೋವಿನ ಮಾತ್ರೆಯ ಕಥೆ ಇನ್ನೂ ಗಂಭೀರ. ‘ಮಂಡಿನೋವಿಗೆ ಒಂದು ಸ್ಟ್ರಿಪ್ ಕೊಡಿ’ ಅಂತ ಕೇಳುತ್ತೇವೆ, ಅಲ್ವಾ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಬಿಪಿ ಏರುತ್ತದೆ, ಹೃದಯಾಘಾತದ ಅಪಾಯವೂ ಜಾಸ್ತಿಯಾಗುತ್ತದೆ. ಒಂದು ಕಡೆ ಬಿಪಿ ಇಳಿಸುವ ಮಾತ್ರೆ, ಇನ್ನೊಂದು ಕಡೆ ಏರಿಸುವ ಮಾತ್ರೆ. ಎರಡೂ ಒಬ್ಬರ ಕೈಗೇ ಹೋಗುವುದು ಕಣ್ಣಿಗೆ ಬೀಳುವುದು ಆ ಕೌಂಟರಿನಲ್ಲೇ.

ಫಾರ್ಮಸಿಸ್ಟ್ ಡಾಕ್ಟರ್ ಅಲ್ಲವಲ್ಲ ಅನ್ನುತ್ತೀರಿ. ನಿಜ. ಲಾಸ್ ಏಂಜಲೀಸ್‌ನಲ್ಲಿ ನಡೆದ ಒಂದು ಅಧ್ಯಯನ ನೋಡಿ. ಅಲ್ಲಿನ 52 ಕ್ಷೌರದಂಗಡಿಗಳಿಗೆ ಬರುತ್ತಿದ್ದ, ಬಿಪಿ ಜಾಸ್ತಿ ಇದ್ದ 319 ಕಪ್ಪು ವರ್ಣದ ಗಂಡಸರು ಅದರಲ್ಲಿದ್ದರು. ಅರ್ಧದಷ್ಟು ಅಂಗಡಿಗಳಿಗೆ ಫಾರ್ಮಸಿಸ್ಟ್‌ಗಳೇ ಹೋಗಿ, ಡಾಕ್ಟರ್‌ಗಳ ಜೊತೆಗಿನ ಒಪ್ಪಂದದಂತೆ ಮಾತ್ರೆ ಬರೆದರು. ಉಳಿದ ಕಡೆ ಕ್ಷೌರಿಕರು ಡಾಕ್ಟರಿಗೆ ತೋರಿಸಿ ಎಂದು ಹೇಳಿದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಮೊದಲ ಗುಂಪಿನಲ್ಲಿ ಸರಾಸರಿ 27, ಎರಡನೆಯದರಲ್ಲಿ 9 ಇಳಿಯಿತು. 2018ರಲ್ಲಿ ಇದು ಪ್ರಕಟವಾಯಿತು.

ಆದರೆ ಮಾರಿದ ಮಾತ್ರೆಗೆ ಮಾತ್ರ ದುಡ್ಡು ಬರುವಾಗ, ‘ಈ ಮಾತ್ರೆ ಬೇಡ’ ಅನ್ನುವ ಫಾರ್ಮಸಿಸ್ಟ್‌ಗೆ ಸಿಗುವುದು ನಷ್ಟವೇ. ಆ ಮಾತಿಗೂ ಸಂಬಳ ಇರಬೇಕು. ಇಂಗ್ಲೆಂಡ್‌ನಲ್ಲಿ 2021ರಿಂದ 40 ದಾಟಿದವರ ಬಿಪಿ ನೋಡಲು ಔಷಧಿ ಅಂಗಡಿಗಳಿಗೆ ಸರ್ಕಾರದ ಆರೋಗ್ಯ ಸೇವೆಯೇ ಹಣ ಕೊಡುತ್ತಿದೆ. ಹೀಗೆ ಎಲ್ಲ ಕಡೆ ಯಾಕೆ ಆಗಬಾರದು?

ಇಲ್ಲಿ ಫಾರ್ಮಸಿಸ್ಟ್‌ಗಳಿದ್ದರೆ ದಯವಿಟ್ಟು ಬರೆಯಿರಿ: ಮಾತ್ರೆ ಬಿಟ್ಟವರನ್ನು ಮಾತಾಡಿಸೋಕೆ ನಿಮಗೆ ಅಡ್ಡಿಯಾಗಿರುವುದು ಸಮಯವೋ, ಜಾಗವೋ, ನಿಯಮವೋ?