ಆ ಕುದುರೆ ದೇವನಾರ್ ತಲುಪುವುದೇ ಇಲ್ಲ

ಹುಡುಗಿಯೊಬ್ಬಳ ಮನೆಯಿಂದ ಕಸಕ್ಕೆ ಹೋದ ಆಟಿಕೆ ಕುದುರೆಯ ನಿಮ್ಮ ಕತೆ ಓದಿ ಕಣ್ಣು ಒದ್ದೆಯಾಯಿತು, ಎರಡು ಮಾತಿಲ್ಲ. ಆದರೆ ಕಾಲು ಮುರಿದ ಪ್ಲಾಸ್ಟಿಕ್ ಕುದುರೆ ಮುಂಬಯಿಯ ದೇವನಾರಿನ ಕಸದ ಗುಡ್ಡದಲ್ಲಿ ‘ಯಾರ ಕಣ್ಣಿಗೂ ಬೀಳದೆ’ ಮಳೆಗಾಲ ಎಣಿಸುತ್ತ ಮಲಗಿರುತ್ತದಲ್ಲ, ಅದನ್ನು ಒಪ್ಪಲಾರೆ. 1927ರಿಂದ ಕಸ ಸುರಿದ ಗುಡ್ಡ ಅದು, ನಿಜ. ಆದರೆ ಮುಂಬಯಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರೇನು! ನಮ್ಮ ಬಿಲ್ಡಿಂಗಿನ ಕಸವನ್ನು ಪಾಲಿಕೆಯ ಲಾರಿ ಬರುವ ಮೊದಲೇ ಇಬ್ಬರು ಹೆಂಗಸರು ಕೆದಕಿರುತ್ತಾರೆ. ಅಲ್ಲಿಂದ ಭಂಗಾರ್ (ಗುಜರಿ) ಅಂಗಡಿ, ಅಲ್ಲಿಂದ ಹಳೇ ಪ್ಲಾಸ್ಟಿಕ್ ಕರಗಿಸುವ ಧಾರಾವಿಯ 13 ಕಂಪೌಂಡ್. ಪಕ್ಕದ ಸಯಾನ್ ಕಡೆ ಕೆಲಸಕ್ಕಿದ್ದಾಗ ನಾನೇ ನೋಡಿದ್ದೇನೆ: ಸ್ಕ್ರೂ, ಸ್ಪ್ರಿಂಗು ಕಿತ್ತು ಬೇರೆ, ಬಣ್ಣಬಣ್ಣ ಬೇರೆ. ಅನುಮಾನ ಬಂದರೆ ಚೂರು ಸುಟ್ಟು, ವಾಸನೆಯಿಂದಲೇ ಯಾವ ಜಾತಿಯ ಪ್ಲಾಸ್ಟಿಕ್ಕೆಂದು ಹೇಳುತ್ತಾರೆ. ಆಮೇಲೆ ಪುಡಿ ಮಾಡಿ, ತೊಳೆದು, ತಗಡಿನ ಮಾಡಿನ ಮೇಲೆ ಒಣಗಿಸಿ, ಕರಗಿಸಿ, ಹೊಸ ಸಾಮಾನಿಗೆಂದು ಕಾಳು ಮಾಡುತ್ತಾರೆ. ನಿಮ್ಮ ಕುದುರೆ ಬಕೆಟ್ಟಾಗಿ ಅದೇ ಮನೆಯ ಬಚ್ಚಲಿಗೆ ಬಂದು ಕೂತಿದ್ದರೂ ಕೂತಿರಬಹುದು, ಆ ಹುಡುಗಿ ಗುರುತು ಹಿಡಿಯದೆ ನೀರು ತುಂಬಿಸುತ್ತಿರಬಹುದು. ಇದೇನು ಕಡಿಮೆ ಸಂಕಟವೇ?

ಕುದುರೆ ಮರದ್ದಾಗಿದ್ದರೆ ನಿಮ್ಮ ಮಾತು ಸರಿ. ಮಗಳ ಚನ್ನಪಟ್ಟಣದ ಆನೆಯನ್ನು (ಆಲೆಮರದ್ದು, ಅರಗಿನ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ) ಒಮ್ಮೆ ಹಳೇ ಪೇಪರಿನ ಜತೆ ಇಟ್ಟಿದ್ದೆ. ಭಂಗಾರ್‌ನವ ಎತ್ತಿ ನೋಡಿ, ‘ಲಕಡೀ ನಹೀ ಚಲೇಗಾ’ (ಮರದ್ದು ನಡೆಯೋದಿಲ್ಲ) ಎಂದು ಹೊಸ್ತಿಲ ಮೇಲೇ ಬಿಟ್ಟುಹೋದ. ತೂಕಕ್ಕೂ ಬಾರದ ಆನೆ! ಮಗಳು ಪುಣೆಗೆ ಹೋಗಿ ಆರು ವರ್ಷವಾಯಿತು. ಅದಿನ್ನೂ ಚಪ್ಪಲಿ ಕಪಾಟಿನ ಮೇಲಿದೆ, ಮೂರೇ ಗಾಲಿ.